ರುವಾಂಡದಲ್ಲಿ ಮಹಿಳೆಯರಿಗೆ ಶೇ 60 ಮೀಸಲಾತಿ ಇಲ್ಲ

‘ರುವಾಂಡ ಸಂಸತ್ತಿನಲ್ಲಿ ಮಹಿಳೆಯರಿಗೆ ಶೇ 60 ಮೀಸಲಾತಿ ಇದೆ, ಅದರಿಂದಲೇ ಅವರಿಗೆ ಆಸ್ತಿ ಹಕ್ಕು ಸಿಕ್ಕಿತು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

2003ರ ಸಂವಿಧಾನ ಹೇಳುವುದು ಕನಿಷ್ಠ ಶೇ 30. ಕೆಳಮನೆಯ 80 ಸ್ಥಾನಗಳಲ್ಲಿ ಮಹಿಳೆಯರಿಗೆಂದೇ ಇಟ್ಟಿರುವುದು 24. ಆದರೂ 2018ರಲ್ಲಿ 49 ಮಹಿಳೆಯರು ಆಯ್ಕೆಯಾದರು. ಉಳಿದವರು ಹೆಚ್ಚಾಗಿ ಪಕ್ಷಗಳ ಪಟ್ಟಿಯಿಂದ ಬಂದವರು. ಇದೇ ನಿಜವಾದ ಸುದ್ದಿ ಅಲ್ವಾ?

ಇನ್ನು ಆಸ್ತಿ. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಕೊಟ್ಟ ಕಾನೂನು 1999ರದ್ದು, ಮೀಸಲಾತಿಗಿಂತ ಮೊದಲಿನದು. 1994ರ ನರಮೇಧದಲ್ಲಿ ಗಂಡ, ತಂದೆಯನ್ನು ಕಳೆದುಕೊಂಡ ಎಷ್ಟೋ ಹೆಂಗಸರಿಗೆ ಜಮೀನು ದಕ್ಕಿರಲಿಲ್ಲ. ಇಂಥ ಕಾನೂನು ಬೇಕೆಂಬ ಒತ್ತಾಯ ಜೋರಾದದ್ದು ಅಲ್ಲಿಂದ. ಅದರಲ್ಲೂ ಒಂದು ತೊಡಕಿತ್ತು: ಮದುವೆ ನೋಂದಣಿ ಆಗದ ಹೆಂಡತಿಗೆ ಗಂಡನ ಜಮೀನಿನಲ್ಲಿ ಈ ಕಾನೂನಿನ ರಕ್ಷಣೆ ಸಿಗಲಿಲ್ಲ.