ರಾಜನಿಗೆ ಹಿಡಿಸದ ಅಕ್ಕತಂಗಿಯರು

ಬರ್ಲಿನ್ನಿನ ಆಲ್ಟೆ ನ್ಯಾಷನಲ್ ಗ್ಯಾಲರಿಯಲ್ಲಿ ಆಳೆತ್ತರದ ಅಮೃತಶಿಲೆಯ ಇಬ್ಬರು ಅಕ್ಕತಂಗಿಯರು ಒಬ್ಬರಿಗೊಬ್ಬರು ಒರಗಿ ನಿಂತಿದ್ದಾರೆ. ಅಕ್ಕನ ಕೈ ತಂಗಿಯ ಹೆಗಲ ಮೇಲಿದೆ, ತಂಗಿಯ ತೋಳು ಅಕ್ಕನ ನಡುವನ್ನು ಬಳಸಿದೆ. ಅಕ್ಕ ತಲೆಯೆತ್ತಿ ದೂರಕ್ಕೆ ನೋಡುತ್ತಿದ್ದರೆ, ತಂಗಿ ಕಣ್ಣು ತಗ್ಗಿಸಿ ತನ್ನೊಳಗೇ ಏನನ್ನೋ ನೆನೆಯುತ್ತಿದ್ದಾಳೆ. ಅಕ್ಕ, ಮುಂದೆ ಪ್ರಷ್ಯದ ರಾಣಿಯಾದ ಲೂಯಿಸ, ತಂಗಿ ಫ್ರೀಡರಿಕ. ಈ ಜೋಡಿಯನ್ನು 1795ರಲ್ಲಿ ರೂಪಿಸಿ 1797ರಲ್ಲಿ ಅಮೃತಶಿಲೆಗೆ ಇಳಿಸಿದವನು ಯೋಹಾನ್ ಗಾಟ್‌ಫ್ರೀಡ್ ಶಾಡೋ. ಈ ಶಿಲ್ಪದ ಮುಂದೆ ನಿಂತ ದಿನದಿಂದ ಅವನ ಬಗ್ಗೆ ಬರೆಯಬೇಕೆಂಬ ಆಸೆ ನನ್ನಲ್ಲಿ ಉಳಿದುಕೊಂಡಿತ್ತು. ವ್ಯಕ್ತಿಯ ಚಹರೆಯನ್ನು ಕಲ್ಲಿನಲ್ಲಿ ಹಿಡಿಯುವ ವಿದ್ಯೆಯಲ್ಲಿ ಅವನಷ್ಟು ಪ್ರಾಮಾಣಿಕನಾದ ಮತ್ತೊಬ್ಬ ಜರ್ಮನ್ ಶಿಲ್ಪಿಯನ್ನು ನಾನು ಕಂಡಿಲ್ಲ. ಆ ಪ್ರಾಮಾಣಿಕತೆಗಾಗಿ ಅವನು ತೆತ್ತ ಬೆಲೆಯೂ ಸಣ್ಣದಲ್ಲ.

ಲೂಯಿಸಳ ಗಲ್ಲದ ಕೆಳಗೆ ಒಂದು ಬಟ್ಟೆಯ ಪಟ್ಟಿ ಸುತ್ತಿಕೊಂಡಿದೆ. ಆಗ ಅವಳ ಕೊರಳಿನಲ್ಲಿ ಒಂದು ಬಾವು ಕಾಣಿಸಿಕೊಂಡಿದ್ದರಿಂದ ಅದನ್ನು ಮರೆಮಾಡಲೆಂದು ಶಿಲ್ಪಿ ಈ ಉಪಾಯ ಹೂಡಿದ. ಬಾವನ್ನು ಕೆತ್ತದೆಯೇ ಬಿಟ್ಟು ನುಣುಪಾದ ಕೊರಳೊಂದನ್ನು ಕೊಟ್ಟುಬಿಡಬಹುದಾಗಿತ್ತು, ಯಾರೂ ಕೇಳುತ್ತಿರಲಿಲ್ಲ. ಅವನು ಇಲ್ಲದ ಕೊರಳನ್ನು ಸೃಷ್ಟಿಸಲಿಲ್ಲ, ಇದ್ದ ಕೊರಳಿಗೆ ಬಟ್ಟೆ ಕಟ್ಟಿದ. ಆ ಬಟ್ಟೆ ಹೆಂಗಸರ ನಡುವೆ ಹೊಸ ಫ್ಯಾಷನ್ನೇ ಆಯಿತು. ಫ್ರೀಡರಿಕಳ ಮೈಯಳತೆಯನ್ನು ನೇರವಾಗಿ ಅವಳಿಂದಲೇ ತೆಗೆದುಕೊಳ್ಳಲು ಅವನಿಗೆ ಅನುಮತಿ ಸಿಕ್ಕಿತ್ತು. ಇದನ್ನೆಲ್ಲ ತಿಳಿದ ಮೇಲೆ ತೆಳು ಉಡುಪಿನ ನೆರಿಗೆಗಳಡಿಯಲ್ಲಿ ಮೊಣಕಾಲು ಮಿಡಿಯುವ ಜಾಗವನ್ನು ನೋಡಿದರೆ, ಈ ಕಲ್ಲು ಏಕೆ ಇಷ್ಟು ಬೆಚ್ಚಗಿದೆಯೆಂಬುದು ಅರ್ಥವಾಗುತ್ತದೆ.

ಬಡ ದರ್ಜಿಯೊಬ್ಬನ ಮಗನಾಗಿ 1764ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಶಾಡೋ, ಆಸ್ಥಾನ ಶಿಲ್ಪಿಯಾಗಿದ್ದ ಟಾಸಾರ್‌ನ ಕೈಕೆಳಗೆ ಕೆಲಸ ಕಲಿತವನು. ವಿಯೆನ್ನಾದ ಯಹೂದಿ ವಜ್ರವ್ಯಾಪಾರಿಯೊಬ್ಬನ ಮಗಳನ್ನು ಪ್ರೀತಿಸಿ, ಊರು ಬಿಟ್ಟು ಅವಳೊಂದಿಗೆ ಹೊರಟು, 1785ರಲ್ಲಿ ಮದುವೆಯಾಗಿ ರೋಮ್ ಸೇರಿದ. ಅಲ್ಲಿನ ಪ್ರಾಚೀನ ಶಿಲ್ಪಗಳ ನಡುವೆ ಎರಡು ವರ್ಷ ಕಳೆದು ಮರಳಿದ ಸ್ವಲ್ಪ ಕಾಲಕ್ಕೇ ಗುರು ತೀರಿಕೊಂಡಿದ್ದರಿಂದ, 1788ರಲ್ಲಿ, ಇಪ್ಪತ್ತನಾಲ್ಕರ ಆಸುಪಾಸಿನಲ್ಲೇ, ಆ ಹುದ್ದೆ ಇವನ ಪಾಲಿಗೆ ಬಂತು. ಕೈಗೆತ್ತಿಕೊಂಡ ಮೊದಲ ದೊಡ್ಡ ಕೆಲಸ, ಎಂಟು ವರ್ಷಕ್ಕೇ ತೀರಿಕೊಂಡ ರಾಜಪುತ್ರನೊಬ್ಬನ ಸಮಾಧಿ. ಅದರ ಮೇಲೆ ಮಲಗಿರುವ ಹುಡುಗ ಸತ್ತಂತೆ ಕಾಣುವುದಿಲ್ಲ, ಆಡಿ ದಣಿದು ನಿದ್ದೆಹೋದಂತೆ ಕಾಣುತ್ತಾನೆ.

ಬ್ರಾಂಡನ್‌ಬರ್ಗ್ ದ್ವಾರದ ಮೇಲಿನ ನಾಲ್ಕು ಕುದುರೆಗಳ ರಥವೂ ಶಾಡೋನದೇ ವಿನ್ಯಾಸ. ನೆಪೋಲಿಯನ್ 1806ರಲ್ಲಿ ಅದನ್ನು ಕಿತ್ತು ಪ್ಯಾರಿಸ್‌ಗೆ ಸಾಗಿಸಿದ್ದು, 1814ರಲ್ಲಿ ಅದು ಮರಳಿ ಬಂದದ್ದು ಎಲ್ಲರೂ ಹೇಳುವ ಕಥೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಪ್ರಷ್ಯದ ಸೇನಾಪತಿ ಸೀಟನ್‌ನ 1794ರ ಪ್ರತಿಮೆ. ಸೇನಾಪತಿಯೆಂದರೆ ರೋಮನ್ ಉಡುಪು ತೊಡಿಸಿ ವೀರಭಂಗಿಯಲ್ಲಿ ನಿಲ್ಲಿಸುವುದು ರೂಢಿಯಾಗಿದ್ದ ಕಾಲದಲ್ಲಿ, ಶಾಡೋ ಈ ಮುದಿ ದಳಪತಿಗೆ ಅವನದೇ ಹುಸಾರ್ ಕುದುರೆಪಡೆಯ ಸಮವಸ್ತ್ರ ತೊಡಿಸಿ, ಕಾಲ ಮೇಲೆ ಕಾಲು ಹೆಣೆದು, ಗಲ್ಲಕ್ಕೆ ಕೈಯಿಟ್ಟು ಯೋಚಿಸುತ್ತ ನಿಂತವನಂತೆ ಕಡೆದ. ಕತ್ತಿ ಹಿರಿದ ವೀರರ ಪ್ರತಿಮೆಗಳು ನೂರಾರಿವೆ. ಯೋಚನೆಯಲ್ಲಿ ಮುಳುಗಿದ ಯೋಧನನ್ನು ನಗರದ ಚೌಕದಲ್ಲಿ ನಿಲ್ಲಿಸಲು ಬೇರೆಯದೇ ಧೈರ್ಯ ಬೇಕು.

ಈ ದಾರಿ ಮಹಾಕವಿ ಗಯಟೆಗೆ ಒಪ್ಪಿಗೆಯಾಗಲಿಲ್ಲ. 1800ರಲ್ಲಿ ತನ್ನ ಪತ್ರಿಕೆಯಲ್ಲಿ, ಬರ್ಲಿನ್ನಿನ ಕಲೆಯಲ್ಲಿ ಕಾವ್ಯದ ಜಾಗವನ್ನು ಇತಿಹಾಸವೂ ಆದರ್ಶದ ಜಾಗವನ್ನು ವ್ಯಕ್ತಿಚಿತ್ರವೂ ಕಿತ್ತುಕೊಂಡಿವೆಯೆಂದು ಆತ ಆಕ್ಷೇಪಿಸಿದ. ಜರ್ಮನಿಯ ಅತಿ ದೊಡ್ಡ ಹೆಸರಿನ ಎದುರು ತಲೆತಗ್ಗಿಸಿ ಸುಮ್ಮನಿರಬಹುದಾಗಿದ್ದ ಶಾಡೋ ಮರುವರ್ಷವೇ ಉತ್ತರ ಬರೆದ: ಕಣ್ಣೆದುರಿನ ಮಾದರಿಯನ್ನು ನಿಷ್ಠೆಯಿಂದ ಮೂಡಿಸಿದ ಕೃತಿಗೇ ನಾವು ಇಲ್ಲಿ ಬೆಲೆ ಕೊಡುತ್ತೇವೆ, ಪ್ರತಿಯೊಂದು ಕಲಾಕೃತಿಯನ್ನೂ ಒಂದು ವ್ಯಕ್ತಿಚಿತ್ರವೆಂದೇ ಕಾಣುತ್ತೇವೆ ಎಂಬುದು ಅದರ ಸಾರ. ಗಯಟೆಯ ಮೇಲಿನ ನನ್ನ ಗೌರವಕ್ಕೆ ಕುಂದಿಲ್ಲ, ಆದರೆ ಈ ವಾದದಲ್ಲಿ ನಾನು ಸಂಪೂರ್ಣವಾಗಿ ಶಾಡೋನ ಪಕ್ಷ. ಎಲ್ಲರಿಗೂ ಒಂದೇ ಬಗೆಯ ನೇರ ಮೂಗು, ಒಂದೇ ಬಗೆಯ ವಿಶಾಲ ಹಣೆ ಕೊಡುವ ಆದರ್ಶಕ್ಕೆ ಎದುರಿಗೆ ಕೂತವರ ಮುಖವನ್ನು ನೋಡುವ ಅಗತ್ಯವೇ ಬೀಳುವುದಿಲ್ಲ. ಮುಂದೆ ಇಬ್ಬರಿಗೂ ಹೊಂದಾಣಿಕೆಯಾಯಿತು. 1816ರಲ್ಲಿ ಶಾಡೋ ಗಯಟೆಯ ಮುಖದ ಅಚ್ಚನ್ನೇ ತೆಗೆದುಕೊಂಡ, ಅನಂತರ ಅವನ ಎದೆಮಟ್ಟದ ಪ್ರತಿಮೆಯನ್ನೂ ಕಡೆದ.

ಅಕ್ಕತಂಗಿಯರ ಶಿಲ್ಪಕ್ಕೆ ಮಾತ್ರ ಒಳ್ಳೆಯ ಗತಿ ಕಾಣಲಿಲ್ಲ. ಅಮೃತಶಿಲೆಯ ಕೆಲಸ ಮುಗಿದ ವರ್ಷವೇ ಅದನ್ನು ಮೆಚ್ಚಿದ್ದ ಹಿರಿಯ ರಾಜ ತೀರಿಕೊಂಡ. ಪಟ್ಟಕ್ಕೆ ಬಂದ ಲೂಯಿಸಳ ಗಂಡ ಮೂರನೆಯ ಫ್ರೆಡ್ರಿಕ್ ವಿಲಿಯಂಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. ಹೆಂಡತಿಯ ಮೈಯ ಚೆಲುವು ಹೀಗೆ ಎಲ್ಲರ ಕಣ್ಣಿಗೂ ಬೀಳುವುದು ಅವನಿಗೆ ಬೇಡವಾಗಿರಬೇಕು. ಇಷ್ಟರಲ್ಲಿ ವಿಧವೆಯಾಗಿದ್ದ ಫ್ರೀಡರಿಕಳ ಮರುಮದುವೆಯೂ ಆಸ್ಥಾನದಲ್ಲಿ ಗುಲ್ಲೆಬ್ಬಿಸಿತು. ಶಿಲ್ಪ ಅರಮನೆಯ ಒಳಕೋಣೆ ಸೇರಿ ದಶಕಗಟ್ಟಲೆ ಜನರ ಕಣ್ಣಿನಿಂದ ದೂರವಾಯಿತು. ಒಬ್ಬ ಶಿಲ್ಪಿಯ ಬದುಕಿನ ಅತ್ಯುತ್ತಮ ಕೃತಿ, ಅವನು ಇನ್ನೂ ಮೂವತ್ತರ ಹರೆಯದಲ್ಲಿರುವಾಗಲೇ ಕತ್ತಲೆಗೆ ಬಿದ್ದಿತೆಂದು ನೆನೆದರೆ ಇಂದಿಗೂ ಮನಸ್ಸು ನೋಯುತ್ತದೆ.

1810ರಲ್ಲಿ ಲೂಯಿಸ ತೀರಿಕೊಂಡಾಗ ಅವಳ ಸಮಾಧಿಯ ಕೆಲಸ ದೊರೆತದ್ದು ಹಿಂದೆ ಅವಳ ಸೇವಕನಾಗಿದ್ದ, ಶಾಡೋನ ಬಳಿಯೂ ಕಲಿತಿದ್ದ ಕ್ರಿಶ್ಚಿಯನ್ ಡೇನಿಯಲ್ ರೌಖ್‌ಗೆ. ಶಾರ್ಲೊಟ್ಟೆನ್‌ಬುರ್ಗ್‌ನಲ್ಲಿ ಅವನು ಮಲಗಿಸಿದ ರಾಣಿ ಅಪ್ರತಿಮ ಸುಂದರಿ ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಅವಳು ಆಗಲೇ ದೇವತೆಯಾಗಿದ್ದಾಳೆ. ಅಲ್ಲಿಂದ ಮುಂದೆ ಪ್ರಷ್ಯದ ದೊಡ್ಡ ಕೆಲಸಗಳು ಒಂದೊಂದಾಗಿ ರೌಖ್‌ನ ಕಡೆಗೆ ಹರಿದವು. ಜರ್ಮನ್ ಭಾಷೆಯಲ್ಲಿ ರೌಖ್ ಎಂದರೆ ಹೊಗೆ. ನನ್ನ ಕೀರ್ತಿಯೆಲ್ಲ ಹೊಗೆಯಾಗಿ ಹೋಯಿತು ಎಂದು ಶಾಡೋ ಹೇಳಿದನೆಂಬ ಮಾತು ಬರ್ಲಿನ್ನಿನಲ್ಲಿ ಪ್ರಸಿದ್ಧ. ಆ ಮಾತಿನಲ್ಲಿ ನೋವಿದೆ, ನಂಜಿಲ್ಲ.

ಶಾಡೋ ಕೈಕಟ್ಟಿ ಕೂರಲಿಲ್ಲ. ರೆಗೆನ್ಸ್‌ಬುರ್ಗ್ ಬಳಿಯ ವಾಲ್ಹಾಲಾ ಕೀರ್ತಿಮಂದಿರಕ್ಕಾಗಿ ಕಾಂಟ್, ಕೊಪರ್ನಿಕಸ್ ಮೊದಲಾದವರ ಪ್ರತಿಮೆಗಳನ್ನು ಕಡೆದ. 1821ರಲ್ಲಿ ವಿಟ್ಟೆನ್‌ಬರ್ಗ್‌ನ ಚೌಕದಲ್ಲಿ ಲೂಥರನನ್ನು ನಿಲ್ಲಿಸಿದ. 1850ರಲ್ಲಿ ಸಾಯುವ ತನಕ, ಮೂರು ದಶಕಕ್ಕೂ ಹೆಚ್ಚು ಕಾಲ, ಬರ್ಲಿನ್ನಿನ ಕಲಾ ಅಕಾಡೆಮಿಯ ನಿರ್ದೇಶಕನಾಗಿದ್ದ. ದೃಷ್ಟಿ ಮಂದವಾಗುತ್ತ ಬಂದ ಮೇಲೂ ಮನುಷ್ಯನ ಮೈಯಳತೆಗಳನ್ನು ಕುರಿತು 1834ರಲ್ಲಿ ಪುಸ್ತಕ ಪ್ರಕಟಿಸಿದ. ಮಗುವಿನಿಂದ ಮೊದಲುಗೊಂಡು ಬೇರೆ ಬೇರೆ ವಯಸ್ಸಿನ ಗಂಡು ಹೆಣ್ಣುಗಳ ಅಳತೆಗಳನ್ನು ಅದರಲ್ಲಿ ಗೆರೆಗೆರೆಯಾಗಿ ಬಿಡಿಸಿಟ್ಟಿದ್ದಾನೆ.