ಒಳಗೆ ಒಬ್ಬರಿಗೆ ಜಾಗ ಇದೆ: ಬ್ರಿಟನ್ನಿನ ಹಳೆಯ ದೆವ್ವದ ಕಥಾಗುಚ್ಛಗಳು ಇಂದಿಗೂ ನಿಲ್ಲುತ್ತವೆಯೇ?

1945ರ ‘ಡೆಡ್ ಆಫ್ ನೈಟ್’ನಿಂದ ಹಿಡಿದು ಎಪ್ಪತ್ತರ ದಶಕದ ಅಮಿಕಸ್ ಕಂಪನಿಯ ಚಿತ್ರಗಳವರೆಗೆ, ಒಂದೇ ಸಿನಿಮಾದಲ್ಲಿ ನಾಲ್ಕೈದು ದೆವ್ವದ ಕಥೆ ಹೇಳುವ ಬ್ರಿಟಿಷ್ ಚಿತ್ರಗಳನ್ನು ಜನ ಇನ್ನೂ ಹುಡುಕಿಕೊಂಡು ನೋಡುತ್ತಿದ್ದಾರೆ. ಈ ಸೆಳೆತಕ್ಕೆ ಚಿತ್ರಗಳಲ್ಲೇ ಹುರುಳಿದೆಯೇ, ಅಥವಾ ಇದು ಬರೀ ಹಳೆಯದರ ಮೇಲಿನ ಮೋಹವೇ?

ಪರ

ಆಸ್ಪತ್ರೆಯ ಕೋಣೆ. ಕಾರ್ ರೇಸಿನಲ್ಲಿ ಪೆಟ್ಟು ಮಾಡಿಕೊಂಡವನೊಬ್ಬ ಹಾಸಿಗೆಯಲ್ಲಿದ್ದಾನೆ. ಗಡಿಯಾರದಲ್ಲಿ ರಾತ್ರಿ ಒಂಬತ್ತೂ ಮುಕ್ಕಾಲು. ಇದ್ದಕ್ಕಿದ್ದಂತೆ ಸದ್ದೆಲ್ಲ ಅಡಗುತ್ತದೆ. ಮತ್ತೆ ನೋಡಿದರೆ ಗಡಿಯಾರ ನಾಲ್ಕೂಕಾಲು ತೋರಿಸುತ್ತಿದೆ. ಎದ್ದು ಕಿಟಕಿಯ ಪರದೆ ಸರಿಸಿದರೆ ಹೊರಗೆ ಹಾಡಹಗಲು. ಕೆಳಗೆ ಕುದುರೆ ಕಟ್ಟಿದ ಹೆಣದ ಗಾಡಿ. ಗಾಡಿಯವನು ತಲೆಯೆತ್ತಿ, ತುಂಬ ವಿನಯದಿಂದ, “ಒಳಗೆ ಒಬ್ಬರಿಗೆ ಮಾತ್ರ ಜಾಗ ಇದೆ ಸರ್” ಅನ್ನುತ್ತಾನೆ. ಆಸ್ಪತ್ರೆಯಿಂದ ಹೊರಬಿದ್ದವನು ಬಸ್ಸು ಹತ್ತಲು ಹೋದರೆ ಕಂಡಕ್ಟರನದೂ ಅದೇ ಮುಖ, ಅದೇ ಮಾತು. ಇವನು ಹೆದರಿ ಹಿಂದೆ ಸರಿಯುತ್ತಾನೆ. ಬಸ್ಸು ಮುಂದೆ ಹೋಗಿ ಸೇತುವೆಯಿಂದ ಕೆಳಗುರುಳುತ್ತದೆ.

ಕಥೆ ಮುಗಿಯಿತು. ಗಾಡಿಯವನು ಯಾರು, ಇವನಿಗೇ ಯಾಕೆ ಕಾಣಿಸಿಕೊಂಡ, ಉಳಿದವರ ಪಾಪವೇನು, ಯಾವುದಕ್ಕೂ ಉತ್ತರವಿಲ್ಲ. “ಒಳಗೆ ಹೋಗ್ರೀ, ಒಳಗೆ ಜಾಗ ಇದೆ” ಎಂಬ ಕೂಗನ್ನು ದಿನಾ ಕೇಳುವವನು ನಾನು. ‘ಡೆಡ್ ಆಫ್ ನೈಟ್’ನ ಈ ಕಥೆ ನೋಡಿದ ಮಾರನೆಯ ಬೆಳಿಗ್ಗೆ ಕಂಡಕ್ಟರನ ಮುಖವನ್ನು ಒಮ್ಮೆ ಸರಿಯಾಗಿ ನೋಡಿಯೇ ಬಸ್ಸು ಹತ್ತಿದೆ.

ಇಂಗ್ಲೆಂಡಿನಲ್ಲಿ ದೆವ್ವದ ಕಥೆ ಬೆಳೆದದ್ದೇ ಸಣ್ಣ ಕಥೆಯಾಗಿ. ಕ್ರಿಸ್‌ಮಸ್ ಹೊತ್ತಿನ ಚಳಿಯಲ್ಲಿ ಬೆಂಕಿಯ ಮುಂದೆ ಕೂತು ಒಂದೇ ಬೈಠಕ್ಕಿನಲ್ಲಿ ಓದಿ ಮುಗಿಸುವಂಥದು. ಎಂ. ಆರ್. ಜೇಮ್ಸ್ ಕೇಂಬ್ರಿಜ್‌ನಲ್ಲಿ ತಮ್ಮ ಕಥೆಗಳನ್ನು ಗೆಳೆಯರಿಗೆ ಓದಿ ಹೇಳುತ್ತಿದ್ದದ್ದು ಹಾಗೆಯೇ. ಈ ಬಸ್ಸಿನ ಕಥೆಯ ಮೂಲ ಕೂಡ ಇ. ಎಫ್. ಬೆನ್ಸನ್‌ನ ಒಂದು ಸಣ್ಣ ಕಥೆ. ಇಂಥ ಕಥೆಯನ್ನು ಎರಡು ಗಂಟೆ ಎಳೆದರೆ ಏನಾಗುತ್ತದೆಂದು ಈಚಿನ ಹಾರರ್ ಚಿತ್ರಗಳು ತೋರಿಸಿವೆ: ಇಂಟರ್ವಲ್ ಆದ ಮೇಲೆ ದೆವ್ವದ ಫ್ಲ್ಯಾಶ್‌ಬ್ಯಾಕ್, ಅದಕ್ಕಾದ ಅನ್ಯಾಯ, ಮಂತ್ರವಾದಿ, ಪರಿಹಾರ. ವಿವರಿಸಿದ ದೆವ್ವ ಅರ್ಧ ಸತ್ತಂತೆ. ಕಥಾಗುಚ್ಛದಲ್ಲಿ ವಿವರಿಸುವುದಕ್ಕೆ ಹೊತ್ತೇ ಇರುವುದಿಲ್ಲ. ಈ ರೂಪದ ಭಾಗ್ಯ ಅದೇ.

ಆದರೆ ಗುಚ್ಛ ಎಂದರೆ ಬಿಡಿ ಹೂಗಳಷ್ಟೇ ಅಲ್ಲವಲ್ಲ, ದಾರವೂ ಬೇಕು. ‘ಡೆಡ್ ಆಫ್ ನೈಟ್’ನ ದಾರ ನೋಡಿ. ವಾಲ್ಟರ್ ಕ್ರೇಗ್ ಎಂಬ ವಾಸ್ತುಶಿಲ್ಪಿ ಕೆಲಸದ ಮೇಲೆ ಒಂದು ಹಳ್ಳಿಮನೆಗೆ ಬರುತ್ತಾನೆ. ಅಲ್ಲಿರುವ ಯಾರೂ ಅವನಿಗೆ ಪರಿಚಯದವರಲ್ಲ. ಆದರೂ ಎಲ್ಲರನ್ನೂ ಪದೇ ಪದೇ ಬೀಳುವ ಒಂದು ಕೆಟ್ಟ ಕನಸಿನಲ್ಲಿ ಕಂಡಿದ್ದಾನೆ. ಹಾಗೆಂದು ಹೇಳಿದಾಗ ಅವರು ಅವನನ್ನು ಹುಚ್ಚನೆಂದು ಓಡಿಸುವುದಿಲ್ಲ. ಚಹಾ ಕೊಟ್ಟು, ಕೂರಿಸಿ, ಒಬ್ಬೊಬ್ಬರಾಗಿ ತಮಗಾದ ವಿಚಿತ್ರ ಅನುಭವಗಳನ್ನು ಹೇಳಿಕೊಳ್ಳುತ್ತಾರೆ. ಗುಂಪಿನಲ್ಲಿ ಒಬ್ಬ ಮನೋವೈದ್ಯ. ಪ್ರತಿಯೊಂದಕ್ಕೂ ಅವನ ಬಳಿ ವೈಜ್ಞಾನಿಕ ಸಮಜಾಯಿಷಿ ಸಿದ್ಧ. ಹೀಗೆ ಯಾವುದನ್ನೂ ನಂಬದ ಆ ವೈದ್ಯನ ಬಾಯಿಂದಲೇ ಎಲ್ಲಕ್ಕಿಂತ ಭಯಂಕರ ಕಥೆ, ಮಾತಾಡುವ ಗೊಂಬೆಯದು, ಬರುತ್ತದೆ. ಕೊನೆಗೆ ಸಾಯುವವನೂ ಅವನೇ. ಆಗ ಕ್ರೇಗ್ ಬೆಚ್ಚಿ ಏಳುತ್ತಾನೆ. ಅಬ್ಬಾ, ಕನಸು. ಫೋನು ಬಡಿದುಕೊಳ್ಳುತ್ತದೆ: ಹಳ್ಳಿಯಲ್ಲೊಂದು ಮನೆಯಿದೆ, ನೋಡಲು ಬರುತ್ತೀರಾ? ಮೊದಲ ದೃಶ್ಯವೇ ಮತ್ತೆ ಶುರು.

ಬೇತಾಳನ ಕಥೆ ಓದಿ ಬೆಳೆದವರಿಗೆ ಇದು ಪರಿಚಿತ ಹಾದಿ. ಕಥೆ ಮುಗಿಯುತ್ತದೆ, ಹೆಣ ಮತ್ತೆ ಮರದ ಕೊಂಬೆಗೆ. ಅಲ್ಲಿ ಮೌನ ಮುರಿದದ್ದಕ್ಕೆ ಶಿಕ್ಷೆ. ಇಲ್ಲಿ ಹೊರಡುವ ಮನಸ್ಸಿದ್ದರೂ ಸೌಜನ್ಯಕ್ಕೆ ಕಟ್ಟುಬಿದ್ದು ಕೂತದ್ದಕ್ಕೆ.

ಅಮೆರಿಕದಲ್ಲಿ ಈ ಚಿತ್ರ ಬಿಡುಗಡೆಯಾದಾಗ ಉದ್ದವಾಯಿತೆಂದು ಎರಡು ಕಥೆಗಳನ್ನು, ಕ್ರಿಸ್‌ಮಸ್ ಪಾರ್ಟಿಯದು ಮತ್ತು ಗಾಲ್ಫ್ ಆಟಗಾರರದು, ಕತ್ತರಿಸಿದರು. ಕೊನೆಯ ದುಃಸ್ವಪ್ನದಲ್ಲಿ ಎಲ್ಲ ಕಥೆಗಳ ಜನ ಒಟ್ಟಿಗೆ ನುಗ್ಗಿ ಬರುವಾಗ, ಕತ್ತರಿಸಿದ ಕಥೆಗಳವರು ಯಾರೆಂದೇ ಅಲ್ಲಿನ ಪ್ರೇಕ್ಷಕರಿಗೆ ತಿಳಿಯುವಂತಿರಲಿಲ್ಲ. ದಾರ ಎಷ್ಟು ಗಟ್ಟಿಯಾಗಿ ಹೆಣೆದಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಚಿತ್ರ ತೆರೆಕಂಡದ್ದು 1945ರ ಸೆಪ್ಟೆಂಬರ್‌ನಲ್ಲಿ, ಯುದ್ಧ ಆಗಷ್ಟೇ ಮುಗಿದಿತ್ತು. ಆರು ವರ್ಷ ಬಾಂಬಿನ ಕೆಳಗೆ ಬದುಕಿದ ಜನರಿಗೆ, ಇವತ್ತು ಯಾವ ಬಸ್ಸು ಹತ್ತಿದೆ, ಯಾವುದು ತಪ್ಪಿತು ಎಂಬುದು ಸಾವು ಬದುಕಿನ ಮಾತಾಗಿದ್ದ ಕಾಲ. ಚಿತ್ರ ಯುದ್ಧದ ಸುದ್ದಿಯನ್ನೇ ಎತ್ತುವುದಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ.

ರಾಬರ್ಟ್ ಹ್ಯಾಮರ್ ನಿರ್ದೇಶಿಸಿದ ಕನ್ನಡಿಯ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಮದುವೆಯಾಗಲಿರುವ ಹುಡುಗಿ ಹುಡುಗನಿಗೆ ಹಳೆಯ ಕನ್ನಡಿಯೊಂದನ್ನು ಉಡುಗೊರೆ ಕೊಡುತ್ತಾಳೆ. ಅದರಲ್ಲಿ ಅವನಿಗೆ ತನ್ನ ಕೋಣೆ ಕಾಣುವುದಿಲ್ಲ. ಉರಿಯುವ ಬೆಂಕಿಗೂಡಿನ ಮತ್ತೊಂದು ಕೋಣೆ, ಹಿಂದೆ ಹೆಂಡತಿಯನ್ನು ಅನುಮಾನದಿಂದ ಕೊಂದವನ ಕೋಣೆ ಕಾಣುತ್ತದೆ. ಅವಳಿಗೆ ಮಾತ್ರ ಏನೂ ಕಾಣದು. ಅವನ ಕೈ ತನ್ನ ಕುತ್ತಿಗೆಗೆ ಬಿದ್ದಾಗಷ್ಟೇ ಆ ಕೋಣೆ ಅವಳಿಗೂ ಕಾಣುತ್ತದೆ. ಗಂಡನ ಅನುಮಾನದ ಬಗ್ಗೆ ಒಂದು ದಪ್ಪ ಕಾದಂಬರಿ ಹೇಳುವುದನ್ನು ಈ ಒಂದು ಕನ್ನಡಿ ಹೇಳಿಬಿಡುತ್ತದೆ.

ಅಮಿಕಸ್‌ನ ಚಿತ್ರಗಳು ಇಷ್ಟು ನಯವಲ್ಲ, ಒಪ್ಪುತ್ತೇನೆ. ಆದರೂ 1972ರ ‘ಟೇಲ್ಸ್ ಫ್ರಮ್ ದಿ ಕ್ರಿಪ್ಟ್’ನಲ್ಲಿ ಪೀಟರ್ ಕುಶಿಂಗ್ ಮಾಡಿದ ಮುದುಕನ ಪಾತ್ರ ನೋಡಿ. ಕಸ ಎತ್ತುವ ಕೆಲಸ ಮಾಡಿ ನಿವೃತ್ತನಾದವನು, ಬೀದಿಯ ಮಕ್ಕಳಿಗೆ ಆಟಿಕೆ ರಿಪೇರಿ ಮಾಡಿಕೊಡುವವನು, ರಾತ್ರಿ ಸತ್ತ ಹೆಂಡತಿಯ ಜೊತೆ ಮಾತಾಡುವವನು. ತಮ್ಮ ಅಂತಸ್ತಿಗೆ ಸಲ್ಲದವನೆಂದು ಎದುರುಮನೆಯವರು ಅವನನ್ನು ಓಡಿಸಲು ಹವಣಿಸುತ್ತಾರೆ; ಪ್ರೇಮಿಗಳ ದಿನಕ್ಕೆ ಅವನ ಹೆಸರಿಗೆ ಕೆಟ್ಟ ಕೆಟ್ಟ ಕಾರ್ಡುಗಳನ್ನು ಕಳಿಸುತ್ತಾರೆ. ಕುಶಿಂಗ್ ತಮ್ಮ ಹೆಂಡತಿ ಹೆಲೆನ್‌ರನ್ನು ಕಳೆದುಕೊಂಡದ್ದು 1971ರ ಜನವರಿಯಲ್ಲಿ. ಆ ಕಾರ್ಡುಗಳನ್ನು ಒಂದೊಂದಾಗಿ ಓದುವ ಅವರ ಮುಖ ನೋಡಿದ ಮೇಲೆ, ಮುದುಕ ಗೋರಿಯಿಂದ ಎದ್ದು ಬಂದಾಗ ನಾನಂತೂ ಹೆದರಲಿಲ್ಲ. ಸದ್ಯ ಬಂದನಲ್ಲ ಅಂದುಕೊಂಡೆ.

ಇದೆಲ್ಲ ಬಾಲ್ಯದ ನೆನಪಿನ ಮೋಹ ಅನ್ನುವವರಿದ್ದಾರೆ. ಇಂಗ್ಲೆಂಡಿನಲ್ಲಿ ತಡರಾತ್ರಿಯ ಟಿವಿಯಲ್ಲಿ ಕದ್ದು ನೋಡಿದವರಿಗೆ ಆ ಮಾತು ಹೊಂದೀತು. ನಾನು ಇವನ್ನು ಮೊದಲು ನೋಡಿದಾಗ ನಲವತ್ತು ದಾಟಿತ್ತು. ಯಾವ ನೆನಪೂ ಇಲ್ಲದ ನನ್ನನ್ನು ಹಿಡಿದದ್ದೇನು ಹಾಗಾದರೆ?

ವಿರೋಧ

ಪರವಾಗಿ ಬರೆದ ಗೆಳೆಯರು ಜಾಣರು. ಒಂದು ಒಳ್ಳೆಯ ಚಿತ್ರದ ಬಗ್ಗೆ ಮುಕ್ಕಾಲು ಪಾಲು ಬರೆದು, ಉಳಿದ ಏಳಕ್ಕೂ ಅದರ ನೆರಳಲ್ಲಿ ಜಾಗ ಮಾಡಿಕೊಟ್ಟಿದ್ದಾರೆ. ‘ಡೆಡ್ ಆಫ್ ನೈಟ್’ ದೊಡ್ಡ ಚಿತ್ರ, ನನ್ನ ತಕರಾರಿಲ್ಲ. ತಕರಾರು ಇರುವುದು ಅಪ್ಪ ಗಳಿಸಿದ ಹೆಸರಿನಲ್ಲಿ ಮಕ್ಕಳು ಉಂಡು ತಿರುಗುವುದರ ಬಗ್ಗೆ.

1965ರಿಂದ 1974ರವರೆಗೆ ಅಮಿಕಸ್ ಇಂಥ ಏಳು ಚಿತ್ರಗಳನ್ನು ತೆಗೆಯಿತು. ಬೆರಳು ಮಡಚಿ ಎಣಿಸಿದ್ದೇನೆ, ಒಟ್ಟು 31 ಕಥೆ. ಅಸೂಯೆಯಿಂದ ಕೊಲೆ ಮಾಡುವ ಪಿಯಾನೋ ಒಂದರಲ್ಲಿದೆ. ಮನೆಯನ್ನು ಸುತ್ತುವರಿದು ಜನರನ್ನು ಕೊಲ್ಲುವ ಬಳ್ಳಿ ಇನ್ನೊಂದರಲ್ಲಿದೆ. ನೋಡಿದ ಮೇಲೆ ಒಂದು ವಾರ ನೆನಪಿನಲ್ಲಿ ಉಳಿಯುವ ಕಥೆಗಳು ಆರೋ ಏಳೋ. ನಾಲ್ಕರಲ್ಲಿ ಮೂರು ಪಾಲು ಜೊಳ್ಳಿರುವ ಮೂಟೆಯನ್ನು ಯಾವ ಅಂಗಡಿಯವನು ಒಳ್ಳೆಯ ಭತ್ತ ಅನ್ನುತ್ತಾನೆ?

ದಾರದ ಮಾತಿಗೆ ಬರೋಣ. ‘ಡಾಕ್ಟರ್ ಟೆರರ್ಸ್ ಹೌಸ್ ಆಫ್ ಹಾರರ್ಸ್’ನಲ್ಲಿ ರೈಲು ಡಬ್ಬಿಯಲ್ಲಿ ಐವರು, ಆರನೆಯವನು ಇಸ್ಪೀಟಿನಂಥ ಎಲೆ ಹಾಕಿ ಅವರ ಭವಿಷ್ಯ ಹೇಳುತ್ತಾನೆ. ಕೊನೆಗೆ ತಿಳಿಯುತ್ತದೆ, ಎಲ್ಲರೂ ಆಗಲೇ ಸತ್ತಿದ್ದಾರೆ. ‘ಟೇಲ್ಸ್ ಫ್ರಮ್ ದಿ ಕ್ರಿಪ್ಟ್’ನಲ್ಲಿ ನೆಲಮಾಳಿಗೆಯ ಗೋರಿಗಳ ನಡುವೆ ದಾರಿ ತಪ್ಪಿದ ಐವರು. ಕೊನೆಗೆ ತಿಳಿಯುತ್ತದೆ, ಎಲ್ಲರೂ ಆಗಲೇ ಸತ್ತಿದ್ದಾರೆ. ‘ವಾಲ್ಟ್ ಆಫ್ ಹಾರರ್’ನಲ್ಲಿ ಲಿಫ್ಟ್ ಹತ್ತಿದ ಐವರು. ಊಹಿಸಿ ನೋಡೋಣ. ಮೊದಲ ಸಲ ಅದು ಗುಟ್ಟು. ಮೂರನೆಯ ಸಲಕ್ಕೆ ಅದು ಕಂಪನಿಯ ಟ್ರೇಡ್‌ಮಾರ್ಕು.

ಈ ರೂಪದ ಹಿಂದೆ ಕ್ರಿಸ್‌ಮಸ್ ಬೆಂಕಿಗಿಂತ ಹೆಚ್ಚಾಗಿ ಲೆಕ್ಕದ ಪುಸ್ತಕ ಇತ್ತು. ಬಿಡಿ ಕಥೆಗಳಾದರೆ ದೊಡ್ಡ ನಟರನ್ನು ಕೆಲವೇ ದಿನಕ್ಕೆ ಕರೆಸಬಹುದು. ಪೋಸ್ಟರಿನ ಮೇಲೆ ಮಾತ್ರ ಹತ್ತು ಹೆಸರು. ಜಾಣ ವ್ಯಾಪಾರ, ತಪ್ಪೇನಿಲ್ಲ. ಆದರೆ ಅದನ್ನು ಬ್ರಿಟಿಷ್ ಪರಂಪರೆ ಎಂದು ಹಾಡುವಾಗ ನಗು ಬರುತ್ತದೆ. ಅಮಿಕಸ್ ಕಟ್ಟಿದ ಮಿಲ್ಟನ್ ಸುಬೋಟ್ಸ್ಕಿ, ಮ್ಯಾಕ್ಸ್ ರೋಸೆನ್‌ಬರ್ಗ್ ಇಬ್ಬರೂ ಅಮೆರಿಕನ್ನರು. ಮೂರು ಚಿತ್ರಗಳಿಗೆ ಕಥೆ ಕೊಟ್ಟ ರಾಬರ್ಟ್ ಬ್ಲಾಕ್ ಅಮೆರಿಕದವನು. ಎರಡು ಚಿತ್ರಗಳು ಅಮೆರಿಕದ ಇಸಿ ಕಂಪನಿಯ ಹಾರರ್ ಕಾಮಿಕ್ಸ್‌ನಿಂದ ಎತ್ತಿಕೊಂಡವು. ಇಂಥ ಕಾಮಿಕ್ಸ್ ಮಕ್ಕಳ ಕೈಗೆ ಸಿಗಬಾರದೆಂದು ಬ್ರಿಟಿಷ್ ಸಂಸತ್ತು 1955ರಲ್ಲಿ ಕಾನೂನನ್ನೇ ಮಾಡಿತ್ತು. ಹದಿನೇಳು ವರ್ಷದ ಮೇಲೆ ಅವೇ ಕಥೆಗಳು ಸರ್ ರಾಲ್ಫ್ ರಿಚರ್ಡ್‌ಸನ್‌ರ ಗಂಭೀರ ಕಂಠದಲ್ಲಿ ತೆರೆಗೆ ಬಂದವು. ನಮಗೆ ಘನವಾಗಿ ಕೇಳಿಸುವುದು ಕಥೆಯಲ್ಲ, ಆ ಕಂಠ.

ಈ ಚಿತ್ರಗಳ ನ್ಯಾಯವನ್ನೂ ಸ್ವಲ್ಪ ನೋಡಿ. 1974ರ ‘ಫ್ರಮ್ ಬಿಯಾಂಡ್ ದಿ ಗ್ರೇವ್’ನಲ್ಲಿ ಕುಶಿಂಗ್ ಹಳೆಯ ಸಾಮಾನಿನ ಅಂಗಡಿ ಇಟ್ಟಿದ್ದಾರೆ. ಒಬ್ಬ ಗಿರಾಕಿ, ಇದು ಅಸಲಿಯಲ್ಲ, ನಕಲು ಎಂದು ಬುರುಡೆ ಬಿಟ್ಟು ಕನ್ನಡಿಯೊಂದನ್ನು ಅಗ್ಗಕ್ಕೆ ಹೊಡೆಯುತ್ತಾನೆ. ಶಿಕ್ಷೆ? ಕನ್ನಡಿಯೊಳಗಿನ ಪ್ರೇತಕ್ಕಾಗಿ ಸಾಲುಸಾಲು ಕೊಲೆ ಮಾಡಿ, ಕೊನೆಗೆ ತಾನೂ ಅದರೊಳಗೆ ಬಂದಿ. ಚೌಕಾಸಿಗೆ ಇಷ್ಟು ಬೆಲೆಯಾದರೆ ನಮ್ಮೂರ ಸಂತೆಯಿಂದ ಒಬ್ಬರೂ ಜೀವಂತ ಮನೆಗೆ ಬರುತ್ತಿರಲಿಲ್ಲ. (ದುಡ್ಡು ಸರಿಯಾಗಿ ಎಣಿಸಿ ಕೊಟ್ಟವನು ಬದುಕುತ್ತಾನೆ. ಅಂಗಡಿಯವರ ಸಂಘ ತೆಗೆಸಿದ ಚಿತ್ರದಂತಿದೆ.) ಅಂದಹಾಗೆ, ಮತ್ತೊಂದು ಕೋಣೆ ಕಾಣುವ ಹಳೆಯ ಕನ್ನಡಿ ಎಲ್ಲಿಂದ ಬಂತೆಂದು ಗೆಳೆಯರು ಮೇಲೆಯೇ ಬರೆದಿದ್ದಾರೆ. ಮೂವತ್ತು ವರ್ಷದಲ್ಲಿ ಆ ಕನ್ನಡಿ ದಾಂಪತ್ಯದ ಅನುಮಾನವನ್ನು ಬಿಟ್ಟು ರಕ್ತದ ಬಾಯಾರಿಕೆಗೆ ಇಳಿದಿತ್ತು.

ಇನ್ನು ಕೆಲವನ್ನು ಈಗ ನೋಡುವುದೇ ಕಷ್ಟ. ವೆಸ್ಟ್ ಇಂಡೀಸಿನ ಪೂಜೆಯ ರಾಗ ಕದ್ದ ಲಂಡನ್ ಸಂಗೀತಗಾರನ ಕಥೆಯಲ್ಲಿ ಕಳ್ಳನೇ ನಗೆಯ ನಾಯಕ. ರಾಗದ ಒಡೆಯರಾದ ಕಪ್ಪು ಜನ ಕಣ್ಣರಳಿಸಿ ಹೆದರಿಸುವ ಬೊಂಬೆಗಳು. ‘ಅಸೈಲಮ್’ನಲ್ಲಿ ಮನೋರೋಗಿಗಳ ಕೋಣೆ ಕೋಣೆಗೂ ಹೋಗಿ ಕಥೆ ಹೇಳಿಸುವುದು ಒಂದು ಬಗೆಯ ಒಗಟಿನಾಟ. ಎಲ್ಲ ಹಳೆಯ ಚಿತ್ರಗಳಲ್ಲೂ ಇಂಥದಿರುತ್ತದೆ ಎನ್ನಬಹುದು. ಇರುತ್ತದೆ. ಆದರೆ ಹದಿನೈದು ನಿಮಿಷದ ಕಥೆಯಲ್ಲಿ ಪಾತ್ರ ಬೆಳೆಯಲು ಹೊತ್ತಿಲ್ಲದಾಗ, ಉಳಿಯುವುದು ಈ ಸಿದ್ಧ ಅಚ್ಚುಗಳೇ. ಗೆಳೆಯರು ಭಾಗ್ಯ ಎಂದು ಕರೆದ ಹೊತ್ತಿನ ಅಭಾವ ಇಲ್ಲಿ ಶಾಪ.

ಅಮೆರಿಕದ ಕತ್ತರಿಯ ಕಥೆಯನ್ನು ನಾನು ಬೇರೆ ಥರ ಓದುತ್ತೇನೆ. ಎರಡು ಕಥೆ ತೆಗೆದರೂ ಚಿತ್ರ ಬಿಡುಗಡೆಯಾಯಿತು, ಓಡಿತು. ಯಾವ ನಾಟಕದಿಂದ ಎರಡು ಅಂಕ ಕಿತ್ತು ಹೀಗೆ ಆಡಿಸಬಹುದು? ಗಾಲ್ಫ್ ಕಥೆಯನ್ನಂತೂ ನಾನೇ ಕತ್ತರಿಸುತ್ತಿದ್ದೆ. ಅಷ್ಟು ಒಳ್ಳೆಯ ಚಿತ್ರದ ಮಧ್ಯೆ ಅದು ಪಾಯಸದಲ್ಲಿ ಸಿಕ್ಕ ಮೆಣಸಿನಕಾಯಿ.

‘ಡೆಡ್ ಆಫ್ ನೈಟ್’ನ ಅಭಿಮಾನಿಗಳು ತಪ್ಪದೆ ಹೇಳುವ ಒಂದು ಸಂಗತಿಯನ್ನು ಗೆಳೆಯರು ಅದೇಕೋ ಬಿಟ್ಟಿದ್ದಾರೆ. ವಿಜ್ಞಾನಿಗಳಾದ ಫ್ರೆಡ್ ಹಾಯ್ಲ್, ಹರ್ಮನ್ ಬಾಂಡಿ, ಥಾಮಸ್ ಗೋಲ್ಡ್ ಈ ಚಿತ್ರ ನೋಡಿ, ಕೊನೆಯೇ ಮೊದಲಾಗುವ ಅದರ ರೀತಿಯಿಂದ ಹೊಳಹು ಪಡೆದು, ವಿಶ್ವಕ್ಕೆ ಆದಿಯಿಲ್ಲ ಅಂತ್ಯವಿಲ್ಲ ಎಂಬ ಸ್ಥಿರಸ್ಥಿತಿ ಸಿದ್ಧಾಂತವನ್ನು 1948ರಲ್ಲಿ ಮಂಡಿಸಿದರು. ನಿಜವೇ. ಆ ಸಿದ್ಧಾಂತಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 1965ರಲ್ಲಿ, ಮಹಾಸ್ಫೋಟದ ಹಳೆಯ ಕಾವು ಆಕಾಶದ ತುಂಬ ಉಳಿದಿರುವುದು ಪ್ರಕಟವಾದಾಗ. ಅಮಿಕಸ್‌ನ ಮೊದಲ ಕಥಾಗುಚ್ಛ ಬಂದದ್ದೂ ಅದೇ ವರ್ಷ. ಕಾಕತಾಳೀಯ, ಆದರೆ ನನ್ನ ವಾದಕ್ಕೆ ಅನುಕೂಲ.

ನಲವತ್ತು ದಾಟಿದ ಮೇಲೆ ನೋಡಿದೆ, ಮೋಹ ಎಲ್ಲಿಂದ ಬರಬೇಕು ಎಂದು ಕೇಳಿದ್ದಾರೆ. ಮೋಹಕ್ಕೆ ಸ್ವಂತ ಬಾಲ್ಯವೇ ಬೇಕೆಂದಿಲ್ಲ, ಎರವಲು ತಂದದ್ದೂ ನಡೆಯುತ್ತದೆ. ಮಂಜು ಕವಿದ ಬೀದಿ, ಸಿಂಗಲ್ ಬೋಗಿಯ ಹಳೆಯ ರೈಲು, ಚಹಾದ ಬಟ್ಟಲು, ಕೊಲೆ ಮಾಡುವಾಗಲೂ ಟೈ ಬಿಚ್ಚದ ಗಂಡಸರು: ಇಂಗ್ಲಿಷ್ ಪಠ್ಯಪುಸ್ತಕಗಳಲ್ಲಿ ಕಂಡು ಮನಸ್ಸಿನಲ್ಲೇ ಕಟ್ಟಿಕೊಂಡ ಆ ಇಂಗ್ಲೆಂಡು ನಮ್ಮಲ್ಲಿ ಅನೇಕರಿಗೆ ಒಂದು ಬಗೆಯ ಎರಡನೆಯ ಬಾಲ್ಯ. ನನಗೂ ಅದು ಇಷ್ಟವೇ. ಇಷ್ಟವಾಯಿತೆಂದು ಹೆದರಿದೆ ಎನ್ನಲಾರೆ.

ಕುಶಿಂಗ್‌ರ ಮುದುಕನ ವಿಷಯದಲ್ಲಿ ಮಾತ್ರ ನನ್ನ ಬಳಿ ಉತ್ತರವಿಲ್ಲ, ಬಿಟ್ಟುಕೊಡುತ್ತೇನೆ. ಆದರೆ ಅದೇ ಚಿತ್ರದ ಕೊನೆಯಲ್ಲಿ, ಐವರೂ ನರಕಕ್ಕೆ ಹೋದ ಮೇಲೆ, ರಿಚರ್ಡ್‌ಸನ್ ನಿಧಾನವಾಗಿ ಕ್ಯಾಮೆರಾದತ್ತ ತಿರುಗಿ, ಮುಂದಿನವರು ಯಾರು, ಬಹುಶಃ ನೀವೇ ಇರಬಹುದೇ ಎಂದು ಕೇಳುತ್ತಾರೆ. ಹೊತ್ತಾಗಿತ್ತು. ನಾನು ಎದ್ದು ಹಾಲಿಗೆ ಹೆಪ್ಪು ಹಾಕಿ ಬಂದೆ.