ಪರ–ವಿರೋಧ: ಮುಂಬಯಿಯಲ್ಲಿ ಪಾಠ ಹೇಳಲು ಪಾಲಿಕೆ ಶಾಲೆಯೇ ಲೇಸೇ?

ಪರ

ಖಾಸಗಿ ಶಾಲೆಯ ಸಂದರ್ಶನದಲ್ಲಿ ಸಂಬಳದ ಮಾತು ಕಟ್ಟಕಡೆಗೆ ಬರುತ್ತದೆ, ಅದೂ ತಗ್ಗಿದ ದನಿಯಲ್ಲಿ. ಸಹಿ ಹಾಕುವ ಮೊತ್ತ ಒಂದು, ಕೈಗೆ ಸಿಗುವುದು ಇನ್ನೊಂದು ಎಂಬುದು ಅನುದಾನವಿಲ್ಲದ ಸಣ್ಣ ಶಾಲೆಗಳ ಶಿಕ್ಷಕಿಯರ ಹಳೆಯ ಗೋಳು. ಪಾಲಿಕೆಯಲ್ಲಿ ಈ ಮುಚ್ಚುಮರೆ ಇಲ್ಲ. ಮೊದಲ ಮೂರು ವರ್ಷ ‘ಶಿಕ್ಷಣ ಸೇವಕ’ರಾಗಿ ದುಡಿಯಬೇಕು, ನಿಜ. ಪ್ರಾಥಮಿಕ ಶಾಲೆಯಲ್ಲಿ ಅದರ ಗೌರವಧನ 6,000ದಿಂದ 16,000 ರೂಪಾಯಿಗೆ ಏರಿದ್ದೇ 2023ರಲ್ಲಿ. ಆದರೆ ಆಮೇಲೆ ವೇತನಶ್ರೇಣಿ ಇದೆ. ಖಾಸಗಿಯವರಿಗೂ 1977ರ ಸೇವಾಶರತ್ತುಗಳ ಕಾಯ್ದೆ ಉಂಟು. ವಜಾ ಮಾಡಿದರೆ 30 ದಿನಗಳೊಳಗೆ ಶಾಲಾ ನ್ಯಾಯಮಂಡಳಿಗೆ ಹೋಗಬಹುದು. ಹಾಗೆ ಹೋದವರನ್ನು ಮುಂದಿನ ಶಾಲೆ ಸೇರಿಸಿಕೊಳ್ಳುತ್ತದೆಯೇ ಎಂಬುದನ್ನು ಕಾಯ್ದೆ ಹೇಳುವುದಿಲ್ಲ.

ಹಣದ ಮಾತು ಸಾಕು. ಪಾಲಿಕೆಯ ಕನ್ನಡ ಮಾಧ್ಯಮದ ತರಗತಿಯಲ್ಲಿ ಕಲಬುರಗಿ, ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳಿರುತ್ತಾರೆ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಪುಸ್ತಕದಲ್ಲಿರುವ ಭಿನ್ನರಾಶಿ ತಲೆಗೆ ಹತ್ತದ ಹುಡುಗನಿಗೆ, ‘ನಿನ್ನ ಅಪ್ಪನಿಗೆ ಈ ವಾರ ನಾಲ್ಕು ಪೂರ್ತಿ ಹಾಜರಿ, ಮೂರು ಅರ್ಧ ಹಾಜರಿ, ಒಟ್ಟು ಎಷ್ಟು?’ ಎಂದು ಕೇಳಿ ನೋಡಿ. ಐದೂವರೆ ಎಂದು ಥಟ್ಟನೆ ಹೇಳುತ್ತಾನೆ. ‘ಮೇಸ್ತ್ರಿ ಐದಕ್ಕೇ ದುಡ್ಡು ಕೊಟ್ಟ’ ಎಂದೂ ಸೇರಿಸುತ್ತಾನೆ. ಕಳೆಯುವ ಲೆಕ್ಕ ಅಲ್ಲಿಂದ ಶುರು. ಹೀಗೆ ಪುಸ್ತಕ ಮಡಚಿಟ್ಟು ಅರ್ಧ ಗಂಟೆ ಮಾತಾಡಲು ಖಾಸಗಿ ಶಾಲೆಯಲ್ಲಿ ಬಿಡುವವರುಂಟೇ? ಯಾವ ವಾರ ಯಾವ ಪುಟ ಮುಗಿಯಬೇಕೆಂದು ಅಲ್ಲಿ ಜೂನ್‌ನಲ್ಲೇ ಬರೆದಾಗಿರುತ್ತದೆ. ಒಂದು ಪುಟ ಹಿಂದೆ ಬಿದ್ದರೆ ರಾತ್ರಿ ಹತ್ತಕ್ಕೆ ಪಾಲಕರ ವಾಟ್ಸಾಪ್ ಗುಂಪಿನಲ್ಲಿ ವಿಚಾರಣೆ.

ವಿರೋಧ

ಹಾಜರಿಯ ಲೆಕ್ಕವೇನೋ ಚೆನ್ನಾಗಿದೆ. ಆದರೆ ಜಾತ್ರೆಗೆಂದು ಊರಿಗೆ ಹೋದ ಆ ಹುಡುಗ ತಿಂಗಳ ಮೇಲೆ ತಿರುಗಿ ಬಂದಾಗ ಮೇಷ್ಟ್ರು ಮತದಾರರ ಪಟ್ಟಿ ಹಿಡಿದು ಚಾಳಿನ ಮೆಟ್ಟಿಲು ಹತ್ತುತ್ತಿರುತ್ತಾರೆ. ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದು ಎನ್ನುವ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಜನಗಣತಿ, ಚುನಾವಣೆ, ವಿಪತ್ತು ಪರಿಹಾರಕ್ಕೆ ಬಾಗಿಲು ತೆರೆದಿಟ್ಟಿದೆ. ಇನ್ನು ಬಡ ಮಕ್ಕಳಿಗೆ ಪಾಠ ಹೇಳುವ ಹಂಬಲವಿದ್ದರೆ, ಅದೇ ಕಾಯ್ದೆ ಅನುದಾನವಿಲ್ಲದ ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲೂ ಶೇ. 25 ಸೀಟುಗಳನ್ನು ಅವರಿಗೆ ಮೀಸಲಿಟ್ಟಿದೆ.

ಅಷ್ಟಕ್ಕೂ ಪಾಲಿಕೆಯ ಕೆಲಸ ಸಿಗುವುದು ಯಾವಾಗ? ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಪಾಸಾಗಬೇಕು, ಮೇಲೊಂದು ಅಭಿಯೋಗ್ಯತಾ (ಆಪ್ಟಿಟ್ಯೂಡ್) ಪರೀಕ್ಷೆ. 2017ರ ಕೊನೆಯಲ್ಲಿ ನಡೆದ ಆ ಪರೀಕ್ಷೆ ಮತ್ತೆ ನಡೆದದ್ದು 2023ರಲ್ಲಿ. ಆ ನಡುವೆ ಡಿ.ಎಡ್. ಮುಗಿಸಿದವಳು ಮನೆಯಲ್ಲಿ ಟ್ಯೂಷನ್ ಹೇಳುತ್ತ ಕೂರಬೇಕಿತ್ತೇ? ಸೇರಿದ ಮೇಲೂ ಕನ್ನಡ ತರಗತಿಗೆ ಮಕ್ಕಳು ಸಾಲದಿದ್ದರೆ ‘ಹೆಚ್ಚುವರಿ’ ಎಂಬ ಹಣೆಪಟ್ಟಿ. ಹಳೆಯ ಪಿಂಚಣಿಯ ಆಸೆಯಂತೂ ಬೇಡ. ಹೊಸಬರಿಗೆ ಅದು ಎಂದೋ ಬಂದ್.

ಖಾಸಗಿ ಎಂದೊಡನೆ ಡೊನೇಷನ್ ಶಾಲೆಯನ್ನೇ ಕಣ್ಣ ಮುಂದೆ ತಂದುಕೊಳ್ಳುವುದು ಮುಂಬಯಿ ಕನ್ನಡಿಗರಿಗೆ ಶೋಭಿಸದು. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರಿಗೆ ರಾತ್ರಿಶಾಲೆ ನಡೆಸಿದ್ದು ಮೊಗವೀರರಂತಹ ಸಮುದಾಯಗಳ ಸಂಘಗಳು. ವಡಾಲದ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯನ್ನು ಕಟ್ಟಿದ್ದೂ ಸರ್ಕಾರವಲ್ಲ. ಒಳ್ಳೆಯ ಖಾಸಗಿ ಶಾಲೆಯಲ್ಲಿ ಹೊಸ ಶಿಕ್ಷಕಿ ಪಾಠ ಮಾಡುವಾಗ ಮುಖ್ಯೋಪಾಧ್ಯಾಯಿನಿ ಹಿಂದಿನ ಬೆಂಚಿನಲ್ಲಿ ಬಂದು ಕೂರುತ್ತಾರೆ. ಕಿರಿಕಿರಿಯೇ ಸರಿ. ಆದರೆ ‘ನೀವು ಹಲಗೆಯ ಜೊತೆ ಮಾತಾಡುತ್ತೀರಿ, ಕಿಟಕಿ ಪಕ್ಕದ ಮೂವರು ಇಡೀ ಗಂಟೆ ಬಾಯಿ ಬಿಡಲಿಲ್ಲ’ ಎಂದು ತಿದ್ದುವವರು ಬೇರೆ ಯಾರಿದ್ದಾರೆ? ಪಾಲಿಕೆ ಶಾಲೆಗೂ ಅಧಿಕಾರಿಗಳು ತಪಾಸಣೆಗೆ ಬರುತ್ತಾರೆ. ಮೊದಲು ಹಾಜರಿ ಪುಸ್ತಕ ನೋಡುತ್ತಾರೆ, ಆಮೇಲೆ ಬಿಸಿಯೂಟದ ಖಿಚಡಿಯ ಲೆಕ್ಕ.